ವ್ಯಾಂಕೂವರ್‌ನ ಹಿತ್ತಲಿಗೆ ನಾಲ್ಕು ಹೇಂಟೆ: ಒಂದು ನಗರ ತನ್ನ ನಿಯಮ ಬದಲಿಸಿದ ಬಗೆ

ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನಗರದಲ್ಲಿ 2010ರವರೆಗೆ ಮನೆಯ ಹಿಂದೆ ಒಂದೇ ಒಂದು ಕೋಳಿ ಸಾಕಿದರೂ ಅದು ಬೈಲಾದ, ಅಂದರೆ ನಗರದ ಸ್ವಂತ ಕಾನೂನಿನ, ಉಲ್ಲಂಘನೆ. ನಗರದ ಪ್ರಾಣಿ ನಿಯಂತ್ರಣ ಬೈಲಾದಲ್ಲಿ ಕುದುರೆ, ಕತ್ತೆ, ದನ, ಹಂದಿ, ಕುರಿ, ಮೇಕೆ, ಬಾತು, ಟರ್ಕಿ ಎಂದು ದೊಡ್ಡ ಪಟ್ಟಿಯೇ ಇತ್ತು. ಆ ಸಾಲಿನಲ್ಲೇ ಕೋಳಿಯೂ ಸೇರಿಕೊಂಡಿತ್ತು. ಆ ವರ್ಷ ಜೂನ್‌ನಲ್ಲಿ ನಗರದ ಆಡಳಿತ ಸಭೆಯಾದ ಕೌನ್ಸಿಲ್ ಬೈಲಾ ತಿದ್ದಿತು. ಮನೆಗೆ ನಾಲ್ಕು ಹೇಂಟೆಗಳವರೆಗೆ ಸಾಕಬಹುದು ಎಂದಾಯಿತು. ಹುಂಜ ಮಾತ್ರ ಬೇಡ.

ಹಿತ್ತಲಲ್ಲಿ ಕೋಳಿ ಓಡಾಡುವುದನ್ನು ನೋಡುತ್ತಲೇ ಬೆಳೆದ ನಮಗೆ ಇದಕ್ಕೆಲ್ಲ ಕೌನ್ಸಿಲ್ ಯಾಕೆ ಸೇರಬೇಕು ಅನ್ನಿಸಬಹುದು. ಆದರೆ ಉತ್ತರ ಅಮೆರಿಕದ ಎಷ್ಟೋ ಊರುಗಳಲ್ಲಿ ಈ ಒಂದು ವಿಷಯಕ್ಕೆ ವರ್ಷಗಟ್ಟಲೆ ಜಗಳ ನಡೆದಿದೆ. ಕೆಲವು ಕಡೆ ಕೇಸ್ ಕೋರ್ಟಿಗೆ ಹೋಗಿದೆ. ಕೆಲವು ಕಡೆ ಪ್ರಯೋಗ ಅಂತ ಶುರು ಮಾಡಿ ಮತ್ತೆ ನಿಲ್ಲಿಸಿದ್ದಾರೆ. ವ್ಯಾಂಕೂವರ್‌ನಲ್ಲಿ ಮೊದಲ ನಿರ್ಣಯದಿಂದ ಬೈಲಾ ತಿದ್ದುಪಡಿಯವರೆಗೆ ಸುಮಾರು 15 ತಿಂಗಳು ಹಿಡಿಯಿತು. ಹಾಗೆ ಬಂದ ನಿಯಮ ಇವತ್ತಿಗೂ ಉಳಿದಿದೆ. ಅದು ಯಾಕೆ ಉಳಿಯಿತು ಎಂಬುದೇ ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವ ಪ್ರಶ್ನೆ. ಜನ ತಂದ ಒಂದೊಂದು ಹೆದರಿಕೆಗೂ ನಗರ ಒಂದೊಂದು ಅಳತೆಯ ಉತ್ತರ ಬರೆಯಿತು. ಬರೆಯುವಾಗ ಪಕ್ಕದ ಮನೆಯವರನ್ನಷ್ಟೇ ಅಲ್ಲದೆ ಕೋಳಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ನಿಯಮ ಗಟ್ಟಿಯಾಗಿ ನಿಂತದ್ದು ಅದರಿಂದ ಎಂದು ನಾನು ನಂಬಿದ್ದೇನೆ.

ಕೋಳಿಗಿಂತ ಮೊದಲು ಜೇನು ಬಂತು

ಕೋಳಿಯ ಮಾತು 2009ರಲ್ಲಿ ಇದ್ದಕ್ಕಿದ್ದಂತೆ ಎದ್ದದ್ದಲ್ಲ. ನಗರದಲ್ಲಿ ಊಟ ಎಲ್ಲಿಂದ ಬರುತ್ತದೆ, ಅದರಲ್ಲಿ ನಗರಾಡಳಿತದ ಪಾಲೇನು ಎಂದು ಕೇಳುವ ಒಂದು ಗುಂಪು ಆಗಲೇ ಗಟ್ಟಿಯಾಗಿತ್ತು. 2004ರಲ್ಲಿ ವ್ಯಾಂಕೂವರ್ ಆಹಾರ ನೀತಿ ಮಂಡಳಿ ಶುರುವಾಯಿತು. 2005ರಲ್ಲಿ ಮನೆಯ ಹಿತ್ತಲಲ್ಲಿ ಜೇನು ಸಾಕಲು ಅನುಮತಿ ಸಿಕ್ಕಿತು. 2007ರಲ್ಲಿ ಕೌನ್ಸಿಲ್ ಒಂದು ಆಹಾರ ಸನ್ನದನ್ನು, ಅಂದರೆ ಆಹಾರದ ಬಗ್ಗೆ ನಗರದ ತತ್ವಗಳ ಹೇಳಿಕೆಯನ್ನು, ಒಪ್ಪಿಕೊಂಡಿತು. 2010ರ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಊರಲ್ಲಿ ಆ ವರ್ಷದ ಅಂಕಿಯಷ್ಟೇ, ಅಂದರೆ 2010, ಹೊಸ ಕೈತೋಟದ ತುಂಡುಗಳು ಆಗಬೇಕು ಎಂಬ ಗುರಿಯನ್ನೂ ಇಟ್ಟುಕೊಂಡಿದ್ದರು.

ಇದರಲ್ಲಿ ಜೇನಿನದ್ದು ದೊಡ್ಡ ಪಾಲು. ಜೇನುಹುಳ ಕಚ್ಚುತ್ತದೆ, ಬೇಲಿ ದಾಟಿ ಹಾರುತ್ತದೆ. ಅಂಥದ್ದನ್ನೇ ಬಿಟ್ಟುಕೊಂಡ ಮೇಲೆ ಬೇಲಿಯೊಳಗೇ ಇರುವ ನಾಲ್ಕು ಹೇಂಟೆಗೆ ಬೇಡ ಎನ್ನುವುದು ಕಷ್ಟವಾಯಿತು. ಮೊದಲು ಸಣ್ಣದೊಂದು ವಿಷಯದಲ್ಲಿ ನಿಯಮ ಬದಲಾಗಿ, ಅದು ಕೆಲವು ವರ್ಷ ತೊಂದರೆ ಇಲ್ಲದೆ ನಡೆದರೆ, ಮುಂದಿನದಕ್ಕೆ ದಾರಿ ಸಲೀಸು. ಬೇರೆ ಊರುಗಳಲ್ಲಿ ಕೋಳಿಗಾಗಿ ಓಡಾಡುವವರು ಈ ಹಂತವನ್ನು ಹಾರಿಸಿಬಿಡುತ್ತಾರೆ.

2008ರ ಕೊನೆಗೆ ಗ್ರೆಗರ್ ರಾಬರ್ಟ್‌ಸನ್ ಮೇಯರ್ ಆಗಿ ಆಯ್ಕೆಯಾದರು. ಹಸಿರು ನಗರ ಎಂಬುದು ಅವರ ಪಕ್ಷದ ಮುಖ್ಯ ಮಾತಾಗಿತ್ತು. ಕೌನ್ಸಿಲ್‌ನಲ್ಲಿ ಕೋಳಿ ವಿಷಯವನ್ನು ಮುಂದೆ ನಿಂತು ಎತ್ತಿದವರಲ್ಲಿ ಆಂಡ್ರಿಯಾ ರೀಮರ್ ಒಬ್ಬರು. 2009ರ ಮಾರ್ಚ್‌ನಲ್ಲಿ ನಿರ್ಣಯ ಪಾಸಾಯಿತು. ಅದರಲ್ಲಿ "ಕೋಳಿಗೆ ಅನುಮತಿ ಕೊಡಿ" ಅಂತಷ್ಟೇ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಜನರ ಆರೋಗ್ಯಕ್ಕೂ ತೊಂದರೆ ಆಗಬಾರದು, ಕೋಳಿಗಳನ್ನೂ ದಯೆಯಿಂದ ನೋಡಿಕೊಳ್ಳುವಂತಿರಬೇಕು, ಅಂಥ ನಿಯಮ ಮಾಡಿಕೊಂಡು ಬನ್ನಿ ಎಂದು ಅಧಿಕಾರಿಗಳಿಗೆ ಸೂಚನೆ ಹೋಯಿತು. ಎರಡನೆಯ ಮಾತು ಆ ಹೊತ್ತಿಗೇ ಸೇರಿದ್ದು ಬಹಳ ಒಳ್ಳೆಯದಾಯಿತು. ಮುಂದೆ ಆಕ್ಷೇಪ ಎತ್ತಿದ ಪ್ರಾಣಿಪ್ರಿಯರಿಗೆ ಉತ್ತರ ಅಲ್ಲೇ ಬೀಜರೂಪದಲ್ಲಿತ್ತು.

ಹಕ್ಕಿ ಜ್ವರದ ನೆನಪು

ಎದುರಾದ ಹೆದರಿಕೆಗಳಲ್ಲಿ ದೊಡ್ಡದು ಹಕ್ಕಿ ಜ್ವರ. ಅದು ಸುಮ್ನೆ ಹುಟ್ಟಿದ ಹೆದರಿಕೆ ಅಲ್ಲ. ವ್ಯಾಂಕೂವರ್‌ನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಆಬಟ್ಸ್‌ಫರ್ಡ್ ಇದೆ. ಫ್ರೇಜರ್ ಕಣಿವೆಯ ಆ ಭಾಗದಲ್ಲಿ ಕೋಳಿ ಫಾರಂಗಳು ಒತ್ತೊತ್ತಾಗಿವೆ. 2004ರ ಫೆಬ್ರವರಿಯಲ್ಲಿ ಅಲ್ಲಿ ಎಚ್7ಎನ್3 ಎಂಬ ಹಕ್ಕಿ ಜ್ವರದ ವೈರಸ್ ಕಾಣಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಸುಮಾರು 1.7 ಕೋಟಿ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಇಬ್ಬರು ಮನುಷ್ಯರಿಗೂ ಸೋಂಕು ತಗುಲಿತು. ಅದು ಹಗುರವಾಗಿದ್ದು, ಇಬ್ಬರೂ ಚೇತರಿಸಿಕೊಂಡರು. ಐದಾರು ವರ್ಷದ ಹಿಂದಿನ ಇಂಥ ನೆನಪು ಇಟ್ಟುಕೊಂಡ ಊರಲ್ಲಿ "ಕೋಳಿ ಬಿಟ್ಟುಕೊಳ್ಳೋಣ" ಎಂದರೆ ಜನ ಬೆಚ್ಚಿಬೀಳುವುದು ಸಹಜ ಅಲ್ವಾ?

ಆದರೆ ಅದೇ 2004ರ ಘಟನೆಯನ್ನು ಹತ್ತಿರದಿಂದ ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ಸೋಂಕು ದೃಢಪಟ್ಟದ್ದು 42 ವಾಣಿಜ್ಯ ಫಾರಂಗಳಲ್ಲಿ ಮತ್ತು 11 ಹಿತ್ತಲ ಹಿಂಡುಗಳಲ್ಲಿ. ಅಷ್ಟು ತೀವ್ರವಲ್ಲದ ರೂಪದಲ್ಲಿದ್ದ ವೈರಸ್ ಮಾರಕ ರೂಪಕ್ಕೆ ತಿರುಗಿದ್ದು ಒಂದು ದೊಡ್ಡ ಫಾರಂನ ಶೆಡ್ಡುಗಳ ಒಳಗೆ. ಸಾವಿರಾರು ಹಕ್ಕಿ ಒಂದೇ ಸೂರಿನಡಿ, ಒಂದೇ ಗಾಳಿಯಲ್ಲಿ ಇರುವಾಗ ವೈರಸ್ ಒಂದರಿಂದ ಒಂದಕ್ಕೆ ದಾಟುತ್ತಲೇ ಇರುತ್ತದೆ. ದಾಟುವಾಗ ಬದಲಾಗಲು ಅದಕ್ಕೆ ಅವಕಾಶ ಸಿಗುತ್ತದೆ. ನಾಲ್ಕೇ ಹಕ್ಕಿ ಇರುವ ಗೂಡಿನಲ್ಲಿ ರೋಗ ಬಂದರೆ ಅದು ಅಲ್ಲಿಗೇ ಮುಗಿಯುವ ಸಂಭವ ಜಾಸ್ತಿ.

ಹಾಗಂತ ಹಿತ್ತಲ ಕೋಳಿಗೆ ಅಪಾಯವೇ ಇಲ್ಲ ಎಂದಲ್ಲ. ಅಪಾಯ ಬರುವುದು ಕಾಡುಬಾತು, ಹೆಬ್ಬಾತುಗಳಿಂದ. ಅವುಗಳ ಹಿಕ್ಕೆ ಬಿದ್ದ ನೀರನ್ನು ಕೋಳಿ ಕುಡಿದರೆ ಸಾಕು. ಆದ್ದರಿಂದ ಎರಡು ವಿಷಯ ಮುಖ್ಯವಾಯಿತು. ಒಂದು, ಕೋಳಿ ಓಡಾಡುವ ಜಾಗಕ್ಕೆ ಮಾಡು, ಅಂದರೆ ಚಾವಣಿ, ಇರಬೇಕು. ಎರಡು, ಯಾವ ಮನೆಯಲ್ಲಿ ಕೋಳಿ ಇದೆ ಎಂಬುದು ನಗರಕ್ಕೆ ಗೊತ್ತಿರಬೇಕು. ರೋಗ ಬಂದ ದಿನ ಯಾರಿಗೆ ತಿಳಿಸಬೇಕು ಎಂದು ಹುಡುಕುತ್ತ ಕೂರಬಾರದು. ವ್ಯಾಂಕೂವರ್‌ನ ನೋಂದಣಿ ಹುಟ್ಟಿದ್ದು ಹೀಗೆ. ಅದಕ್ಕೆ ಶುಲ್ಕ ಇಡಲಿಲ್ಲ, ಆನ್‌ಲೈನ್‌ನಲ್ಲೇ ಮಾಡಬಹುದಿತ್ತು. ಶುಲ್ಕ ಇಟ್ಟಿದ್ದರೆ ಎಷ್ಟೋ ಜನ ಮೊದಲಿನಂತೆ ಗುಟ್ಟಾಗಿಯೇ ಸಾಕುತ್ತಿದ್ದರು. ಆಗ ನೋಂದಣಿಯ ಉದ್ದೇಶವೇ ಕೆಡುತ್ತಿತ್ತು.

ವಾಸನೆ, ಗದ್ದಲ, ಇಲಿ ಎಂಬ ಉಳಿದ ಮೂರು ದೂರುಗಳು ಎಲ್ಲ ಊರಲ್ಲೂ ಬರುವಂಥವೇ. ಗದ್ದಲದ ಮೂಲ ಹುಂಜ. ಅದನ್ನು ಹೊರಗಿಟ್ಟರೆ ಬಹುಪಾಲು ಮುಗಿಯಿತು. ಹೇಂಟೆ ಮೊಟ್ಟೆ ಇಟ್ಟ ಮೇಲೆ ಸ್ವಲ್ಪ ಹೊತ್ತು ಕೂಗುತ್ತದೆ, ಅದೂ ಹಗಲಲ್ಲಿ. ಕತ್ತಲಾದರೆ ದೊಣ್ಣೆ ಮೇಲೆ ಕೂತು ಸದ್ದಿಲ್ಲದೆ ಮಲಗುತ್ತದೆ. ವಾಸನೆ ಬರುವುದು ಹಿಕ್ಕೆ ಒದ್ದೆಯಾಗಿ ಗುಡ್ಡೆ ಬಿದ್ದಾಗ. ಇಲಿ ಬರುವುದು ರಾತ್ರಿ ಕಾಳು ಹೊರಗೆ ಬಿಟ್ಟಾಗ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತಗುಲದಂತೆ ಕೋಳಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಸಣ್ಣ ಮಕ್ಕಳ ಮೇಲೆ ಕಣ್ಣಿಡಬೇಕು. ಇವೆಲ್ಲ ಸಾಕುವವರ ಶಿಸ್ತಿಗೆ ಬಿಟ್ಟದ್ದು. ಕೋಳಿಯನ್ನೇ ನಿಷೇಧಿಸಬೇಕಾದ ಕಾರಣ ಇದರಲ್ಲಿ ಯಾವುದೂ ಇಲ್ಲ.

20,000 ಡಾಲರ್‌ನ ಜಗಳ

ಅಧಿಕಾರಿಗಳು ತಂದ ಯೋಜನೆಯಲ್ಲಿ ಸುಮಾರು 20,000 ಡಾಲರ್ ಖರ್ಚಿನ ಒಂದು ಪ್ರಸ್ತಾಪ ಇತ್ತು. ಜನ ಬಿಟ್ಟುಹೋದ ಅಥವಾ ನಗರ ಹಿಡಿದು ತಂದ ಕೋಳಿಗಳನ್ನು ಇಡಲು ನಗರದ ಪ್ರಾಣಿ ಆಶ್ರಯದಲ್ಲಿ ಒಂದು ಜಾಗ ಮಾಡಬೇಕು ಎಂಬುದು. ಇದು ಹೊರಬಿದ್ದದ್ದೇ ತಡ, ಪತ್ರಿಕೆ, ರೇಡಿಯೋ ಎಲ್ಲ ಕಡೆ ಇದೇ ಮಾತು. ಮನೆಯಿಲ್ಲದ ಮನುಷ್ಯರು ಬೀದಿಯಲ್ಲಿ ಮಲಗುವ ಊರಲ್ಲಿ ಕೋಳಿಗೆ ಮನೆ ಕಟ್ಟುತ್ತೀರಾ ಎಂದು ಕೇಳಿದರು. ಒಲಿಂಪಿಕ್ಸ್ ಖರ್ಚಿನ ಲೆಕ್ಕ ಇನ್ನೂ ಆರದ ಸಮಯ ಅದು. ವ್ಯಾಂಕೂವರ್‌ನ ಡೌನ್‌ಟೌನ್ ಈಸ್ಟ್‌ಸೈಡ್ ಎಂಬ ಬಡ ಬಡಾವಣೆಯಲ್ಲಿ ಜನರ ಪಾಡು ಏನೆಂದು ಬಲ್ಲವರಿಗೆ ಆ ಸಿಟ್ಟು ಅರ್ಥವಾಗುತ್ತದೆ.

ಆದರೂ ಆ ಪ್ರಸ್ತಾಪ ಸರಿಯಾಗಿತ್ತು ಎಂದೇ ನಾನು ಹೇಳುತ್ತೇನೆ. ಪ್ರಾಣಿ ದಯಾ ಸಂಘಟನೆಗಳ ಮುಖ್ಯ ಆತಂಕ ಇದೇ ಆಗಿತ್ತು. ಉತ್ಸಾಹದಲ್ಲಿ ಕೋಳಿ ತಂದವರು ಎರಡು ವರ್ಷ ಕಳೆದು ಮೊಟ್ಟೆ ಕಡಿಮೆಯಾದಾಗ ಏನು ಮಾಡುತ್ತಾರೆ? ಒಳ್ಳೆಯ ತಳಿಯ ಹೇಂಟೆ ಮೊದಲ ವರ್ಷ 250ಕ್ಕೂ ಹೆಚ್ಚು ಮೊಟ್ಟೆ ಇಡಬಹುದು. ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದರೆ ಚೆನ್ನಾಗಿ ನೋಡಿಕೊಂಡ ಕೋಳಿ ಏಳೆಂಟು ವರ್ಷ ಬದುಕುತ್ತದೆ. ನಡುವಿನ ಐದಾರು ವರ್ಷ ಅದನ್ನು ಯಾರು ಸಾಕಬೇಕು? ಹಳ್ಳಿಯಲ್ಲಾದರೆ ಈ ಪ್ರಶ್ನೆಗೆ ಹಬ್ಬದ ದಿನ ಉತ್ತರ ಸಿಗುತ್ತದೆ. ವ್ಯಾಂಕೂವರ್‌ನಲ್ಲಿ ಹಿತ್ತಲಲ್ಲಿ ಕೊಯ್ಯುವಂತಿಲ್ಲ. ಹಾಗಿರುವಾಗ ಒಂದಷ್ಟು ಕೋಳಿಗಳು ಪಾರ್ಕಿನಲ್ಲಿ, ಹಿಂಬೀದಿಯಲ್ಲಿ ಬಂದು ಬೀಳುತ್ತವೆ ಎಂದು ಊಹಿಸಿ ಮೊದಲೇ ಜಾಗ ಮಾಡಿಡುವುದು ಜವಾಬ್ದಾರಿಯ ಕೆಲಸ. ನಿಯಮ ಬದಲಿಸಿ ಎಂದು ಕೇಳುವವರು ಈ ಖರ್ಚಿನ ಮಾತನ್ನು ಮುಚ್ಚಿಡಬಾರದು. ಅದನ್ನು ತಾವೇ ಮೊದಲು ಎತ್ತಬೇಕು. ಆಗ ಎದುರಾಳಿಗಳಿಗೆ ಅದು ಹೊಸ ಆಯುಧ ಆಗುವುದಿಲ್ಲ.

ಗೂಡಿನ ಅಳತೆಯಲ್ಲಿ ಏನಿದೆ

ಈಗ ನಿಯಮದ ಒಳಗೇ ಹೋಗೋಣ. ಈ ಪ್ರಕರಣದ ಜೀವ ಇರುವುದು ಇಲ್ಲೇ.

ವ್ಯಾಂಕೂವರ್‌ನ ಮಾಮೂಲಿ ಮನೆ ಸೈಟು 33 ಅಡಿ ಅಗಲ, 122 ಅಡಿ ಉದ್ದ. ಅಂದರೆ ಸುಮಾರು 4,000 ಚದರ ಅಡಿ. ಬೆಂಗಳೂರಿನ 30‑40 ಸೈಟಿಗಿಂತ ಮೂರು ಪಟ್ಟು ದೊಡ್ಡದಾದರೂ ಅಗಲ ಹೆಚ್ಚುಕಡಿಮೆ ಅಷ್ಟೇ. ಪಕ್ಕದ ಮನೆಯ ಕಿಟಕಿ ಕೈಗೆಟುಕುವಷ್ಟು ಹತ್ತಿರ. ಉದ್ದ ಇರುವುದರಿಂದ ಹಿಂದುಗಡೆ ಜಾಗ ಸಿಗುತ್ತದೆ, ಅದರಾಚೆ ಒಂದು ಹಿಂಬೀದಿ. ಹಾಗಾಗಿ ಗೂಡು ಹಿತ್ತಲಲ್ಲೇ ಇರಬೇಕು, ಮನೆ ಮುಂದೆ ಕಟ್ಟುವಂತಿಲ್ಲ ಎಂದಾಯಿತು. ಸೈಟಿನ ಗಡಿಯಿಂದ ಕನಿಷ್ಠ 1 ಮೀಟರ್ ದೂರ, ಯಾವುದೇ ಮನೆಯ ಬಾಗಿಲು ಅಥವಾ ಕಿಟಕಿಯಿಂದ 3 ಮೀಟರ್ ದೂರ. ಈ "ಯಾವುದೇ ಮನೆ"ಯಲ್ಲಿ ಸಾಕುವವರ ಸ್ವಂತ ಮನೆಯೂ ಸೇರುತ್ತದೆ. ಪಕ್ಕದವರ ಮೂಗಿಗೆ ಆಗದ್ದು ನಮ್ಮ ಮೂಗಿಗೂ ಆಗಬಾರದು ಎಂಬ ನ್ಯಾಯ ಇದರಲ್ಲಿದೆ. ಗೂಡಿನ ಎತ್ತರ 2 ಮೀಟರ್ ಮೀರಬಾರದು, ನೆಲದ ವಿಸ್ತಾರ 9.2 ಚದರ ಮೀಟರ್ ಅಂದರೆ ಸುಮಾರು 100 ಚದರ ಅಡಿ ದಾಟಬಾರದು.

ಇಲ್ಲಿಯವರೆಗಿನದ್ದು ನೆರೆಹೊರೆಗಾಗಿ. ಮುಂದಿನದ್ದು ಕೋಳಿಗಾಗಿ. ಒಂದೊಂದು ಹೇಂಟೆಗೂ ಗೂಡಿನ ಒಳಗೆ ಕನಿಷ್ಠ 0.37 ಚದರ ಮೀಟರ್ ನೆಲ ಇರಬೇಕು. ಅದು ಸುಮಾರು 4 ಚದರ ಅಡಿ. ಅದರ ಜೊತೆಗೆ ಮಾಡು ಇರುವ ಓಡಾಟದ ಅಂಗಳ ಒಂದೊಂದಕ್ಕೂ 0.92 ಚದರ ಮೀಟರ್, ಅಂದರೆ 10 ಚದರ ಅಡಿ. ಕೂರಲು ಒಂದೊಂದು ಹಕ್ಕಿಗೆ 15 ಸೆಂಟಿಮೀಟರ್ ಉದ್ದದ ದೊಣ್ಣೆ. ಮೊಟ್ಟೆ ಇಡಲು ಕನಿಷ್ಠ ಒಂದು ಪೆಟ್ಟಿಗೆ. ಸಾಗಿಸುವಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಪಂಜರದಲ್ಲಿ ಕೂಡಿಹಾಕುವಂತಿಲ್ಲ. ಕೋಳಿ ನೆಲ ಕೆದಕಬೇಕು, ಧೂಳಿನಲ್ಲಿ ಹೊರಳಬೇಕು, ಎತ್ತರದಲ್ಲಿ ಕೂರಬೇಕು. ಅದಕ್ಕೆಲ್ಲ ಅವಕಾಶ ಕೊಡಬೇಕು ಎಂದು ಬೈಲಾದಲ್ಲೇ ಬರೆದಿದ್ದಾರೆ. ಕಾಯಿಲೆಯಾದರೆ ಪಶುವೈದ್ಯರಿಗೆ ತೋರಿಸಬೇಕು.

ಧೂಳಿನಲ್ಲಿ ಹೊರಳುವುದನ್ನು ನಗರದ ಕಾನೂನು ಪುಸ್ತಕದಲ್ಲಿ ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಕೋಳಿ ನೋಡಿದವರಿಗೆ ಇದು ಗೊತ್ತು. ಬಿಸಿಲು ಬಿದ್ದ ಒಣ ಮಣ್ಣಲ್ಲಿ ಗುಳಿ ತೋಡಿಕೊಂಡು, ಒಂದು ಪಕ್ಕಕ್ಕೆ ವಾಲಿ, ಕಾಲಲ್ಲಿ ಮಣ್ಣನ್ನು ಎರಚಿ ರೆಕ್ಕೆಯ ಬುಡದವರೆಗೆ ತುಂಬಿಕೊಳ್ಳುತ್ತದೆ. ಕಣ್ಣು ಅರ್ಧ ಮುಚ್ಚಿರುತ್ತದೆ. ಕೊನೆಗೆ ಎದ್ದು ಒಮ್ಮೆ ಮೈ ಕೊಡವುತ್ತದೆ. ಅದರಿಂದ ಹೇನು, ಉಣ್ಣಿ ಕಡಿಮೆಯಾಗುತ್ತವೆ. ವ್ಯಾಂಕೂವರ್‌ನಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಳೆ ಬಿಡುವುದೇ ಅಪರೂಪ. ಒಣ ಮಣ್ಣು ಬೇಕೆಂದರೆ ಮಾಡು ಬೇಕೇ ಬೇಕು. ಹೀಗೆ ಒಂದೇ ಮಾಡು ಕಾಡುಹಕ್ಕಿಯ ಹಿಕ್ಕೆಯನ್ನು ತಡೆಯುತ್ತದೆ, ಹಿಕ್ಕೆ ಒದ್ದೆಯಾಗಿ ನಾರದಂತೆ ನೋಡಿಕೊಳ್ಳುತ್ತದೆ, ಕೋಳಿಯ ಮಣ್ಣಿನ ಸ್ನಾನಕ್ಕೂ ಜಾಗ ಕೊಡುತ್ತದೆ.

ನಾಲ್ಕು ತಿಂಗಳಿಗಿಂತ ಎಳೆಯ ಕೋಳಿ ತರಬಾರದು ಎಂಬ ಷರತ್ತೂ ಇದೆ. ಮರಿ ಮುದ್ದಾಗಿರುತ್ತದೆ, ಮಕ್ಕಳು ಕೇಳುತ್ತಾರೆ, ಆದರೂ ಬೇಡ ಎಂದರು. ಕಾರಣ ಸರಳ. ಮರಿಯಾಗಿದ್ದಾಗ ಹೆಣ್ಣೋ ಗಂಡೋ ಎಂದು ಸಾಮಾನ್ಯರಿಗೆ ಗೊತ್ತಾಗುವುದಿಲ್ಲ. ನಾಲ್ಕು ತಿಂಗಳ ಹೊತ್ತಿಗೆ ಜುಟ್ಟು, ಬಾಲದ ಗರಿ, ಕೂಗು ಎಲ್ಲ ಸ್ಪಷ್ಟ. ಮರಿಗಳಿಗೆ ಅವಕಾಶ ಕೊಟ್ಟಿದ್ದರೆ ಬೇಡವಾದ ಹುಂಜಗಳ ಸಮಸ್ಯೆ ನಗರದ ತಲೆಗೆ ಬರುತ್ತಿತ್ತು. ಈ ಒಂದು ಸಾಲು ಬರೆದವರಿಗೆ ಕೋಳಿ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ಹಿಕ್ಕೆಗೂ ಲೆಕ್ಕ ಇದೆ. ಮೂರು ಘನ ಅಡಿಗಿಂತ ಜಾಸ್ತಿ ಕೂಡಿಡುವಂತಿಲ್ಲ, ಅದನ್ನೂ ಮುಚ್ಚಿಡಬೇಕು. ಮಿಕ್ಕಿದ್ದು ಗೊಬ್ಬರದ ಗುಂಡಿಗೆ ಹೋಗಬೇಕು ಅಥವಾ ಅಲ್ಲಿಂದ ಸಾಗಿಸಬೇಕು. ಗೂಡಿನ ಕೆಳಗಾಗಲಿ ಒಳಗಾಗಲಿ ಇಲಿ ಮನೆ ಮಾಡದಂತೆ ಕಟ್ಟಬೇಕು. ಆ ಊರಲ್ಲಿ ಇಲಿಗಿಂತ ದೊಡ್ಡ ಶತ್ರು ರಾತ್ರಿ ತಿರುಗುವ ರಕೂನ್ ಎಂಬ ಕಾಡುಪ್ರಾಣಿ. ಅದರ ಮುಂಗಾಲು ಕೈಯಷ್ಟೇ ಚುರುಕು. ಸಾದಾ ಚಿಲಕವನ್ನು ಎತ್ತಿ ತೆಗೆಯುತ್ತದೆ. ಕೋಳಿ ಜಾಲರಿ ಎಂದು ಅಂಗಡಿಯಲ್ಲಿ ಸಿಗುವ ತೆಳು ತಂತಿಯನ್ನು ಹರಿಯುತ್ತದೆ. ತೋಳದ ಜಾತಿಯ ಕಯೋಟಿ ಕೆಳಗಿನಿಂದ ಮಣ್ಣು ತೋಡಿ ನುಗ್ಗುತ್ತದೆ. ಅನುಭವ ಇರುವವರು ದಪ್ಪ ತಂತಿಯ ಸಣ್ಣ ಚೌಕದ ಜಾಲರಿ ಹಾಕಿ, ಅದನ್ನು ನೆಲದೊಳಗೂ ಹೂತು, ರಾತ್ರಿ ಗೂಡಿಗೆ ಕೊಂಡಿ ಇರುವ ಬೀಗ ಹಾಕುತ್ತಾರೆ.

ಮೊಟ್ಟೆ, ಮಾಂಸ, ಗೊಬ್ಬರ ಯಾವುದನ್ನೂ ಮಾರುವಂತಿಲ್ಲ. ಕೆನಡಾದಲ್ಲಿ ಯಾರು ಎಷ್ಟು ಮೊಟ್ಟೆ ಉತ್ಪಾದಿಸಬಹುದು ಎಂಬುದಕ್ಕೆ ಕೋಟಾ ಪದ್ಧತಿ ಇದೆ, ಫಾರಂನವರು ಅದಕ್ಕಾಗಿ ದೊಡ್ಡ ಹಣ ತೊಡಗಿಸಿರುತ್ತಾರೆ. ಹಿತ್ತಲ ಮೊಟ್ಟೆ ಮಾರಾಟಕ್ಕೆ ಬರುವುದಿಲ್ಲ ಎಂದಾದ ಮೇಲೆ ಅವರೊಂದಿಗೆ ತಿಕ್ಕಾಟವೂ ತಪ್ಪಿತು. ಕೋಳಿ ಬೇಡವಾದಾಗ ಏನು ಮಾಡಬೇಕು ಎಂಬುದಕ್ಕೂ ದಾರಿ ಬರೆದಿದ್ದಾರೆ. ನಗರದ ಪ್ರಾಣಿ ಆಶ್ರಯಕ್ಕೆ ಕೊಡಬಹುದು. ಹೊಲಮನೆಗೆ, ಕಸಾಯಿಖಾನೆಗೆ ಅಥವಾ ಪಶುವೈದ್ಯರ ಹತ್ತಿರ ಒಯ್ಯಬಹುದು.

ಹೊರಗೆ ಉಳಿದವರು

ಈ ನಿಯಮವನ್ನು ಇಷ್ಟು ಮೆಚ್ಚಿದ ಮೇಲೆ ಅದರ ಕೊರತೆಯನ್ನೂ ಹೇಳಲೇಬೇಕು. ವ್ಯಾಂಕೂವರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲಿವೆ. ಹೆಚ್ಚಿನವರಿಗೆ ಹಿತ್ತಲೇ ಇಲ್ಲ. ಇದ್ದವರೂ ಮಾಲೀಕರನ್ನು ಕೇಳಬೇಕು. ಸುತ್ತ ಹಿತ್ತಲಿರುವ ಸ್ವಂತ ಮನೆ ಎಂದರೆ ಆ ಊರಲ್ಲಿ ಲಕ್ಷಗಟ್ಟಲೆ ಡಾಲರ್ ಇದ್ದವರ ಮಾತು. ಆಹಾರ ಭದ್ರತೆಯ ಹೆಸರಲ್ಲಿ ಬಂದ ಅನುಮತಿ ಆಹಾರಕ್ಕೆ ನಿಜವಾಗಿ ಕಷ್ಟಪಡುವವರ ಕೈಗೆ ಸಿಗಲಿಲ್ಲ. ಗೂಡು, ಜಾಲರಿ, ಕಾಳು, ವೈದ್ಯರ ಖರ್ಚು ಎಲ್ಲ ಸೇರಿಸಿದರೆ ಮೊಟ್ಟೆ ಅಂಗಡಿಗಿಂತ ಅಗ್ಗವೂ ಆಗುವುದಿಲ್ಲ.

ಇನ್ನೊಂದು ವಿಷಯ. 2009ರಲ್ಲೇ ನಗರ ಹಿಂಬೀದಿಗೆ ಮುಖಮಾಡಿದ ಸಣ್ಣ ಮನೆಗಳಿಗೂ ಅನುಮತಿ ಕೊಟ್ಟಿತು. ಹಿತ್ತಲ ಕೊನೆಯಲ್ಲಿ, ಗ್ಯಾರೇಜ್ ಇದ್ದ ಕಡೆ ಒಂದು ಪುಟ್ಟ ಮನೆ ಕಟ್ಟಿ ಬಾಡಿಗೆಗೆ ಕೊಡಬಹುದು. ವಸತಿಗೆ ಅದು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನೆಗೂ ಬಾಗಿಲು, ಕಿಟಕಿ ಇರುತ್ತವೆ. ಅಲ್ಲಿಂದಲೂ 3 ಮೀಟರ್ ಬಿಡಬೇಕಲ್ಲ? ಎರಡು ಒಳ್ಳೆಯ ನೀತಿಗಳು ಒಂದೇ ತುಂಡು ನೆಲಕ್ಕೆ ಪೈಪೋಟಿಗಿಳಿದವು. ಸಮುದಾಯ ಕೈತೋಟಗಳಲ್ಲಿ ಹತ್ತು ಮನೆಯವರು ಸೇರಿ ಸಾಕುವ ಹಂಚಿಕೆಯ ಗೂಡುಗಳಿಗೆ ನಿಯಮದಲ್ಲಿ ಜಾಗ ಸಿಕ್ಕಿದ್ದರೆ ಬಾಡಿಗೆಯವರಿಗೂ ಒಂದು ಪಾಲು ಸಿಗುತ್ತಿತ್ತು. ಆದರೆ ಸಾಕುವವರು ಅದೇ ಜಾಗದಲ್ಲಿ ವಾಸವಾಗಿರಬೇಕು ಎಂಬ ಷರತ್ತು ಅದಕ್ಕೆ ಅಡ್ಡ ಬಂತು. ರಾತ್ರಿ ಬೀಗ ಹಾಕುವವರು, ಬೆಳಿಗ್ಗೆ ತೆಗೆಯುವವರು ಅಲ್ಲೇ ಇರಬೇಕು ಎಂಬ ತರ್ಕ ಒಪ್ಪುವಂಥದ್ದೇ. ಹಂಚಿಕೆಯ ಗೂಡಿಗೆ ಸರದಿ ಪಟ್ಟಿ ಮಾಡಿಕೊಂಡರೆ ಅದೂ ಆಗದ ಕೆಲಸವಲ್ಲ. ಮುಂದೆ ಯಾರಾದರೂ ಈ ನಿಯಮ ತಿದ್ದಲು ಹೊರಟರೆ ಮೊದಲು ಕೈ ಹಾಕಬೇಕಾದ ಜಾಗ ಇದು.

ಬೇರೆ ಮೂರು ಊರು

ಹೋಲಿಕೆಗೆ ಹತ್ತಿರದಲ್ಲಿರುವ ಅಮೆರಿಕದ ಸಿಯಾಟಲ್ ನೋಡಿ. ಅಲ್ಲಿ ಮೊದಲೇ ಮೂರು ಕೋಳಿಗೆ ಅವಕಾಶ ಇತ್ತು. 2010ರಲ್ಲಿ ಅದನ್ನು ಎಂಟಕ್ಕೆ ಏರಿಸಿದರು. ಗಡಿಯಾಚೆ ಮೂರು ಗಂಟೆ ದಾರಿಯ ಊರಲ್ಲಿ ವರ್ಷಗಳಿಂದ ನಡೆಯುತ್ತಿದ್ದದ್ದು ವ್ಯಾಂಕೂವರ್‌ನ ವಾದಕ್ಕೆ ಬಲ ಕೊಟ್ಟಿತು.

ಕೆನಡಾದ್ದೇ ಆದ ಕ್ಯಾಲ್ಗರಿಯ ದಾರಿ ಬೇರೆ. ಅಲ್ಲಿ ಪಾಲ್ ಹ್ಯೂಸ್ ಎಂಬ ಕಾರ್ಯಕರ್ತರು ಬಹಿರಂಗವಾಗಿ ಕೋಳಿ ಸಾಕಿ, ದಂಡದ ಚೀಟಿ ಪಡೆದು, ಇದು ಸಂವಿಧಾನದ ಹಕ್ಕುಗಳ ಪ್ರಶ್ನೆ ಎಂದು ಕೋರ್ಟಿನಲ್ಲಿ ವಾದಿಸಿದರು. 2012ರಲ್ಲಿ ಕೋರ್ಟು ಒಪ್ಪಲಿಲ್ಲ. ಅವರ ಧೈರ್ಯವನ್ನು ನಾನು ಗೌರವಿಸುತ್ತೇನೆ. ಆದರೆ ಹಕ್ಕಿನ ವಾದದಲ್ಲಿ ಗೂಡಿನ ಅಳತೆಗೆ, ಹಿಕ್ಕೆಯ ಲೆಕ್ಕಕ್ಕೆ ಜಾಗವೇ ಇರುವುದಿಲ್ಲ. ಹೌದು ಅಥವಾ ಇಲ್ಲ, ಎರಡೇ ಉತ್ತರ. ಕ್ಯಾಲ್ಗರಿಯ ಹಿತ್ತಲಿಗೆ ಕೋಳಿ ಬಂದದ್ದು ಲೈಸೆನ್ಸ್ ಪದ್ಧತಿಯಲ್ಲಿ, 2022ರಲ್ಲಿ.

ಟೊರಾಂಟೊ ಇನ್ನೂ ಪಾಠ ಕಲಿಸುವಂಥದ್ದು. ಅಲ್ಲಿ 1983ರಿಂದ ನಿಷೇಧ. 2018ರಲ್ಲಿ ನಾಲ್ಕು ವಾರ್ಡುಗಳಲ್ಲಿ ಮಾತ್ರ ಪ್ರಯೋಗ ಎಂದು ಶುರು ಮಾಡಿದರು. ನಾಲ್ಕು ಹೇಂಟೆ, ಹುಂಜ ಇಲ್ಲ, ನಾಲ್ಕು ತಿಂಗಳು ತುಂಬಿರಬೇಕು, ಮೊಟ್ಟೆ ಮನೆಗೆ ಮಾತ್ರ. ನಿಯಮಗಳು ವ್ಯಾಂಕೂವರ್‌ನವನ್ನೇ ಹೋಲುತ್ತವೆ. ಆದರೂ 2023ರ ಮಾರ್ಚ್ ಕೊನೆಗೆ ಪ್ರಯೋಗ ಮುಗಿಯಿತು, ಕಾಯಂ ಆಗಲಿಲ್ಲ. ಪ್ರಯೋಗ ಎಂದರೆ ಎರಡೂ ಪಕ್ಷಕ್ಕೆ ಸಮಾಧಾನ ಎಂದು ಹೋರಾಟಗಾರರು ಸುಲಭವಾಗಿ ಒಪ್ಪಿಕೊಳ್ಳುತ್ತಾರೆ. ಆದರೆ ಪ್ರಯೋಗಕ್ಕೆ ಕೊನೆಯ ದಿನಾಂಕ ಇರುತ್ತದೆ. ಆ ದಿನ ಊರಿನ ಮನಸ್ಸು ಹೇಗಿರುತ್ತದೋ ಯಾರಿಗೆ ಗೊತ್ತು? ಟೊರಾಂಟೊದ ಪಾಲಿಗೆ ಆ ದಿನ ಬಂದದ್ದು ದೇಶವಿಡೀ ಹಕ್ಕಿ ಜ್ವರ ಹಬ್ಬಿದ್ದ ಕಾಲದಲ್ಲಿ.

2022ರ ಪರೀಕ್ಷೆ

ಅದೇ ಹಕ್ಕಿ ಜ್ವರ ವ್ಯಾಂಕೂವರ್‌ಗೂ ಬಂತು. 2022ರಿಂದ ಎಚ್5ಎನ್1 ಎಂಬ ವೈರಸ್ ವ್ಯಾಂಕೂವರ್ ಇರುವ ಪ್ರಾಂತ್ಯವಾದ ಬ್ರಿಟಿಷ್ ಕೊಲಂಬಿಯಾವನ್ನು ಕಾಡಿತು. ಫ್ರೇಜರ್ ಕಣಿವೆಯ ಫಾರಂಗಳು ಮತ್ತೆ ಲಕ್ಷಗಟ್ಟಲೆ ಹಕ್ಕಿ ಕಳೆದುಕೊಂಡವು. ಈ ಸಲ ವೈರಸ್ ಕಾಡುಹಕ್ಕಿಗಳಲ್ಲಿ ಎಲ್ಲೆಡೆ ಇತ್ತು, ಸಣ್ಣ ಹಿಂಡುಗಳಿಗೂ ತಗುಲಿತು. ಅದೇ ವರ್ಷ ಪ್ರಾಂತ್ಯ ಸರ್ಕಾರ ಒಂದೇ ಕೋಳಿ ಇದ್ದರೂ ಆ ಜಾಗವನ್ನು ತನ್ನಲ್ಲಿ ನೋಂದಾಯಿಸುವುದನ್ನು ಕಡ್ಡಾಯ ಮಾಡಿತು. ನಗರದ ನೋಂದಣಿ ಒಂದು, ಪ್ರಾಂತ್ಯದ್ದು ಇನ್ನೊಂದು.

ವ್ಯಾಂಕೂವರ್ ತನ್ನ ನಿಯಮವನ್ನು ವಾಪಸ್ ಪಡೆಯಲಿಲ್ಲ. 2010ರಲ್ಲೇ ಮಾಡು ಕಡ್ಡಾಯವಾಗಿತ್ತು, ಹೊರಗೆ ಬಿಡುವಂತಿರಲಿಲ್ಲ, ಕಾಳು ನೀರು ಗೂಡಿನ ಒಳಗೇ ಇರಬೇಕಿತ್ತು. ಹಕ್ಕಿ ಜ್ವರದ ಕಾಲದಲ್ಲಿ ಪಶುವೈದ್ಯರು ಸಾಕುವವರಿಗೆ ಹೇಳುವ ಮುಖ್ಯ ಮಾತುಗಳು ಇವೇ: ಕಾಡುಹಕ್ಕಿಯಿಂದ ದೂರ ಇಡಿ, ಗೂಡಿಗೆ ಹೋಗಲು ಬೇರೆ ಚಪ್ಪಲಿ ಇಟ್ಟುಕೊಳ್ಳಿ, ಬೇರೆಯವರ ಕೋಳಿ ನೋಡಿ ಬಂದು ನಿಮ್ಮದನ್ನು ಮುಟ್ಟಬೇಡಿ, ಸತ್ತ ಹಕ್ಕಿ ಕಂಡರೆ ತಿಳಿಸಿ.

ವ್ಯಾಂಕೂವರ್ ಸುತ್ತಮುತ್ತ ಇರುವ ಕನ್ನಡಿಗರಲ್ಲಿ ಯಾರಿಗಾದರೂ ಕೋಳಿ ಸಾಕುವ ಮನಸ್ಸಿದ್ದರೆ ಒಂದು ವಿಷಯ ನೆನಪಿರಲಿ. ಇಲ್ಲಿ ಹೇಳಿದ ನಿಯಮ ವ್ಯಾಂಕೂವರ್ ನಗರದ್ದು ಮಾತ್ರ. ಸೇತುವೆ ದಾಟಿದರೆ ಬೇರೆ ನಗರ, ಬೇರೆ ಬೈಲಾ. ಹತ್ತಿರದ ಸರ್ರೆ ನಗರದಲ್ಲಿ ಸೈಟಿನ ಅಳತೆಯ ಮೇಲೆ ಅವಕಾಶ ನಿಂತಿದೆ. ಮೊದಲು ನಿಮ್ಮ ನಗರದ ಬೈಲಾ ಓದಿ, ಆಮೇಲೆ ಗೂಡಿನ ಜಾಗದಿಂದ ಎಲ್ಲ ಬಾಗಿಲು ಕಿಟಕಿಗಳಿಗೂ ಟೇಪು ಹಿಡಿದು ಅಳೆಯಿರಿ. ನಗರದ ನೋಂದಣಿ, ಪ್ರಾಂತ್ಯದ ನೋಂದಣಿ ಎರಡನ್ನೂ ಮಾಡಿಸಿ. ಪಕ್ಕದ ಮನೆಯವರಿಗೆ ಗೂಡು ಕಟ್ಟುವ ಮುಂಚೆಯೇ ಹೇಳಿ. ಮೊಟ್ಟೆ ನಿಂತ ಮೇಲೆ ಆ ಕೋಳಿಯನ್ನು ಏನು ಮಾಡುತ್ತೀರಿ ಎಂದು ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನ ಮಾಡಿಕೊಳ್ಳಿ, ಕೋಳಿ ತರುವುದು ಆಮೇಲೆ.